ವಾರ್ಡಮ್ಮನ ಸರದಿ

ಮೂವತ್ತೊಂದು ವರ್ಷ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳಿಗೆ ಸುತ್ತಿ ಬಳಸಿ ಹೇಳುವ ಅಗತ್ಯವಿರಲಿಲ್ಲ. ಆದರೂ ಡಾಕ್ಟರು ಹಾಳೆಯ ಮೇಲೆ ಕರುಳಿನ ಚಿತ್ರ ಬರೆದು, ಕೆಳತುದಿಯ ಹತ್ತಿರ ಒಂದು ಸುತ್ತು ಹಾಕಿದರು.

"ಗಡ್ಡೆ ಇಲ್ಲಿದೆ. ಕ್ಯಾನ್ಸರ್. ಕತ್ತರಿಸಿ ತೆಗೀಬೇಕು. ಒಳಗಿನ ಹೊಲಿಗೆ ಮಾಯೋವರೆಗೆ ಮಲ ಹೋಗೋಕೆ ಹೊಟ್ಟೆ ಮೇಲೊಂದು ಚೀಲ ಇರತ್ತೆ. ರಕ್ತ ಎಷ್ಟು ದಿನದಿಂದ ಹೋಗ್ತಿತ್ತಮ್ಮಾ?"

"ಏಳೆಂಟು ತಿಂಗಳಾಯ್ತು" ಎಂದಳು ಅಮ್ಮ, ಬೇರೆ ಯಾರದೋ ವಿಷಯವೆಂಬಂತೆ.

ಪಕ್ಕದಲ್ಲಿ ಕೂತಿದ್ದ ಮಗನಿಗೆ ಮೈಯೆಲ್ಲ ಉರಿದುಹೋಯಿತು. ಬಸ್ ಡಿಪೋದಲ್ಲಿ ಟೈರು ಬಿಚ್ಚಿ ಕಟ್ಟುವ ಕೆಲಸ ಅವನದು. ಮನೆಯಲ್ಲಿ ಇರುವವರು ಇಬ್ಬರೇ, ಇರುವ ಕಕ್ಕಸು ಒಂದೇ. ಇವಳು ಒಂದು ಮಾತು ಉಸುರಿರಲಿಲ್ಲ. ಬಸ್ ಸ್ಟಾಪಿಗೆ ಬಂದಾಗ ತಡೆಯಲಾಗಲಿಲ್ಲ.

"ಅಷ್ಟು ವರ್ಷ ಅಲ್ಲೇ ಇದ್ದೆ. ಗೊತ್ತಾಗಲಿಲ್ವಾ ನಿಂಗೆ?"

"ಗೊತ್ತಾಯ್ತು ಕಣೋ. ಅದಕ್ಕೇ ಹೇಳಲಿಲ್ಲ."

ಬಸ್ಸು ಬಂತು, ಹತ್ತಿದರು.

ಆಮೇಲಿನ ಮೂರು ವಾರ ಅವನ ಕಾಲಿಗೆ ಚಕ್ರ ಕಟ್ಟಿದಂತಾಯಿತು. ರಕ್ತ ಪರೀಕ್ಷೆ, ಸ್ಕ್ಯಾನು, ಸಹಿ, ಮತ್ತೆ ಸಾಲು. ಬೆಳಗ್ಗೆ ಆಸ್ಪತ್ರೆ, ಮಧ್ಯಾಹ್ನದಿಂದ ಡಿಪೋ. ನಿಂತಲ್ಲೇ ತೂಕಡಿಸಿ ಒಮ್ಮೆ ಜಾಕಿನ ಸರಳು ಕಾಲ ಮೇಲೆ ಬೀಳಿಸಿಕೊಂಡ. ಅಕ್ಕ ದೂರದಿಂದ ದಿನವೂ ಫೋನು ಮಾಡುತ್ತಿದ್ದಳು. "ಅಮ್ಮಂಗೆ ಧೈರ್ಯ ಹೇಳೋ."

"ನೀನೇ ಬಂದು ಹೇಳಕ್ಕಾ."

ಅವಳ ಅತ್ತೆಯೂ ಹಾಸಿಗೆ ಹಿಡಿದಿದ್ದರು. ಇಬ್ಬರೂ ಫೋನು ಇಟ್ಟರು.

ಆಪರೇಷನ್ ಆಯಿತು. ವಾರ್ಡಿನಲ್ಲಿ ಅವಳ ಗುರುತಿದ್ದವರೆಲ್ಲ "ವಾರ್ಡಮ್ಮ, ಈಗ ನಿಮ್ಮ ಸರದಿ" ಎಂದು ತಮಾಷೆ ಮಾಡಿ ನಗಿಸಿದರು. ಚೀಲ ಬದಲಿಸುವುದನ್ನು ನರ್ಸು ಮಗನಿಗೆ ಎರಡು ಸಲ ತೋರಿಸಿಕೊಟ್ಟಳು. ಅಮ್ಮ ಗೋಡೆಯ ಕಡೆ ತಿರುಗಿ ಮಲಗಿದ್ದಳು.

ಮನೆಗೆ ಬಂದ ಮೂರನೆಯ ದಿನ, ಮಧ್ಯಾಹ್ನ, ಚೀಲ ಸೋರಿತು. ಬೆಳಗಿನ ಶಿಫ್ಟು ಮುಗಿಸಿ ಬಂದಿದ್ದ ಅವನು ಗಂಜಿಯ ಪಾತ್ರೆ ಕೆಳಗಿಟ್ಟು ತಿರುಗುವಷ್ಟರಲ್ಲಿ ಅಮ್ಮ ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಿದ್ದಳು. ಒಳಗೆ ಚೊಂಬು ಉರುಳಿದ ಸದ್ದು.

"ಅಮ್ಮಾ, ತೆಗಿ."

"ನಾನೇ ಮಾಡ್ಕೋತೀನಿ. ಹೋಗು."

ಕಾಲು ಗಂಟೆಯಾಯಿತು. ಅವನು ಬಾಗಿಲಿಗೆ ಒರಗಿ ನೆಲದ ಮೇಲೆ ಕೂತ. ಬೈಯಲೂ ತ್ರಾಣವಿರಲಿಲ್ಲ.

"ಎಷ್ಟು ಜನರದ್ದು ಬಳಿದಿದ್ದೀನೋ" ಎಂದಳು ಒಳಗಿನಿಂದ. ಅಳುತ್ತಿದ್ದಳೆಂದು ಕಾಣುತ್ತದೆ. "ಒಬ್ಬರ ಮುಖಾನೂ ನೋಡ್ತಿರಲಿಲ್ಲ. ನೋಡಿದ್ರೆ ಅವರು ನಾಚಿಕೆಗೇ ಸತ್ತುಹೋಗ್ತಿದ್ರು."

"ಸರಿ. ನಾನೂ ನೋಡಲ್ಲ ಬಿಡು."

"ನೋಡದೆ ಹೆಂಗೆ ಅಂಟಿಸ್ತೀಯೋ, ಹುಚ್ಚಪ್ಪಾ?"

ಚಿಲಕ ಸರಿಯಿತು.

ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಬೆಚ್ಚನೆಯ ನೀರು ತಂದ. ಅವಳು ಮೊದಲು ನೋಡಿದ್ದು ಅವನ ಕೈ. "ಗ್ರೀಸು ಹೋಗಿಲ್ಲ. ಇನ್ನೊಂದ್ಸಲ ತೊಳಿ." ತೊಳೆದ. "ಉಜ್ಜಬೇಡ, ಒತ್ತಿ ಒರೆಸು. ಚರ್ಮ ಒಣಗಲಿ. ಅವಸರ ಯಾಕೆ, ಬಸ್ಸು ಹೊರಟುಹೋಗತ್ತಾ?" ಮೊದಲನೆಯ ಚೀಲ ಸೊಟ್ಟಗೆ ಕೂತಿತು. ಕಿತ್ತು ಇನ್ನೊಂದು ಅಂಟಿಸಿದ. ಅವಳು ಅಂಗೈಯಿಂದ ಅದನ್ನು ಒತ್ತಿ ಹಿಡಿದುಕೊಂಡು, ಕೊನೆಗೆ ಅವನ ಮುಖ ನೋಡಿದಳು.

"ಕೈ ಬಿಸಿ ಹತ್ತಿದ್ರೆ ಚೆನ್ನಾಗಿ ಹಿಡಿಯತ್ತೆ" ಎಂದಳು.

ಅವಳನ್ನು ಮಲಗಿಸಿ, ನೆಲ ತೊಳೆದು, ಬಟ್ಟೆ ನೆನೆಹಾಕುವ ಹೊತ್ತಿಗೆ ಅವನ ಸೊಂಟ ಬಿದ್ದೇಹೋಗಿತ್ತು. ಮುಂದಿನ ತಿಂಗಳಿಂದ ಕ್ಯಾನ್ಸರಿನ ಔಷಧಿ, ಅರ್ಧ ವರ್ಷ. ಅದರ ಯೋಚನೆ ಇವತ್ತು ಬೇಡವೆನಿಸಿತು.

"ನಾಳೆ ಯಾವ ಶಿಫ್ಟೋ?"

"ಬೆಳಗ್ಗೇದು."

"ಹಾಗಾದ್ರೆ ಸೋರಿದ್ರೂ ನೀನು ಬರೋವರೆಗೆ ಕಾಯ್ತೀನಿ. ಬಾಗಿಲು ಹಾಕ್ಕೊಳಲ್ಲ."

"ಹ್ಞೂಂ" ಎಂದ. ಮಂಚದ ಪಕ್ಕ ಚಾಪೆ ಬಿಡಿಸಿ, ದಿಂಬು ಎಳೆದುಕೊಳ್ಳುವ ಮೊದಲೇ ನಿದ್ದೆ ಹೋದ.