ತೋಳಿನ ರಟ್ಟಿನ ಹಿಂದಿದ್ದ ವಿಳಾಸ

ಮೊಬೈಲಿನಲ್ಲಿ ಸಾಮಾನು ತರಿಸಿ ಮೋಸ ಹೋದವರು ನಮ್ಮ ನಿಮ್ಮ ನಡುವೆ ಎಷ್ಟು ಜನ ಇದ್ದಾರೆ? ಲೆಕ್ಕ ಸಿಗುವುದಿಲ್ಲ. ಯಾಕೆಂದರೆ ಯಾರೂ ಬಾಯಿ ಬಿಡುವುದಿಲ್ಲ. ಪರ್ಸು ಕಳೆದುಹೋದರೆ ಬೀದಿಗೆಲ್ಲ ಹೇಳಿಕೊಂಡು ಬರುತ್ತೇವೆ, ಟೋಪಿ ಹಾಕಿಸಿಕೊಂಡರೆ ಮನೆಯವರಿಗೂ ಹೇಳುವುದಿಲ್ಲ. ನಮ್ಮ ಟೇಲರಮ್ಮನೂ ತಮ್ಮನೊಬ್ಬನನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ.

ಟೇಲರಮ್ಮ ಒಂಟಿ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಬೀಗ ರಿಪೇರಿಯವನ ಅಂಗಡಿಯ ಮೇಲೆ, ಅವಳದು ಒಂದೇ ಕೋಣೆ. ಹಗಲೆಲ್ಲ ಅದು ಅಂಗಡಿ, ಸಂಜೆ ಬಟ್ಟೆ ಕತ್ತರಿಸುವ ಮೇಜನ್ನು ಗೋಡೆಗೆ ಸರಿಸಿದರೆ ಮನೆ. ಗಂಡ ತೀರಿಕೊಂಡು ಒಂಬತ್ತು ವರ್ಷ. ಮಕ್ಕಳಿಲ್ಲ. ದೂರದಲ್ಲಿ ಒಬ್ಬ ತಮ್ಮನಿದ್ದಾನೆ. ಭಾನುವಾರ ಮಧ್ಯಾಹ್ನ ಫೋನ್ ಮಾಡುತ್ತಾನೆ, "ಹುಷಾರಾಗಿದ್ದೀಯಾ ಅಕ್ಕ? ಊಟ ಆಯ್ತಾ?" ಎನ್ನುತ್ತಾನೆ, ಇಡುತ್ತಾನೆ. ಉಳಿದ ಆರು ದಿನ ಅವಳ ಮಾತೆಂದರೆ "ತೋಳು ಎಷ್ಟುದ್ದ ಇಡಲಿ?", "ಗುರುವಾರ ಬನ್ನಿ." ಅಳತೆ ತೆಗೆಯುವಾಗ ಗಿರಾಕಿಯ ಭುಜ ಮುಟ್ಟುತ್ತಾಳಲ್ಲ, ದಿನಕ್ಕೆ ಅವಳಿಗೆ ಸಿಗುವ ಮನುಷ್ಯರ ಸಂಗ ಅಷ್ಟೇ.

ಮೂವತ್ತು ವರ್ಷ ಕಾಲಿನಿಂದ ಮಿಷನ್ನು ತುಳಿದು ಅವಳ ಬಲ ಮೊಣಕಾಲು ಸವೆದುಹೋಗಿತ್ತು. "ಇನ್ನು ತುಳಿದರೆ ನಡೆಯೋಕೂ ಆಗಲ್ಲಮ್ಮ" ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಹೊಲಿಗೆ ಬಿಟ್ಟರೆ ಬಾಡಿಗೆ ಯಾರು ಕೊಡುತ್ತಾರೆ? ಮೋಟಾರಿನ ಮಿಷನ್ನು ತೆಗೆದುಕೊಳ್ಳಲೇಬೇಕು. ಕೂಡಿಟ್ಟಿದ್ದ ಹಣವನ್ನೆಲ್ಲ ಹಾಕಿ, ಮೊಬೈಲಿನಲ್ಲಿ ಕಂಡ ಪರರಾಜ್ಯದ ಒಂದು ಅಂಗಡಿಯಿಂದ ತರಿಸಿದಳು.

ದಪ್ಪನೆಯ ರಟ್ಟಿನ ಡಬ್ಬದಲ್ಲಿ ಮಿಷನ್ನು ಬಂತು. ಬಿಳಿ ಬಣ್ಣ, ಥಳಥಳ. ಆದರೆ ಟೇಲರಮ್ಮನ ಕಣ್ಣು ಮಿಷನ್ನಿಗಿಂತ ಮೊದಲು ಡಬ್ಬದ ಮೇಲೆ ಬಿತ್ತು. ಅಂಥ ರಟ್ಟು ಪೇಟೆಯಲ್ಲಿ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಬಟ್ಟೆಯ ಮೇಲಿಟ್ಟು ಗೆರೆ ಎಳೆಯಲು ಅವಳ ಹಳೆಯ ಮಾದರಿಗಳೆಲ್ಲ ಅಂಚು ಹರಿದು ಕೂತಿದ್ದವು. ಅಂದೇ ಸಂಜೆ ಕತ್ತರಿ ತೆಗೆದುಕೊಂಡು ಡಬ್ಬವನ್ನು ತೋಳು, ಕಾಲರು, ಜೇಬು ಎಂದು ಕತ್ತರಿಸಿ, ತೂತು ಮಾಡಿ, ಗೋಡೆಯ ಮೊಳೆಗೆ ನೇತುಹಾಕಿದಳು. ದರ್ಜಿಗಳ ಕೈಯೇ ಹಾಗೆ, ಕತ್ತರಿಸುವಂಥದ್ದು ಕಂಡರೆ ಸುಮ್ಮನಿರುವುದಿಲ್ಲ.

ಮರುದಿನ ಮಿಷನ್ನು ಹಾಕಿದಳು. ಐದು ನಿಮಿಷ ಓಡಿತು. ಆಮೇಲೆ ಸುಟ್ಟ ವಾಸನೆ ಬಂದು ನಿಂತೇಹೋಯಿತು. ಕೆಳಗಿನ ಮುಚ್ಚಳ ಬಿಚ್ಚಿ ನೋಡಿದಳು. ಒಳಗೆ ಕಪ್ಪಗೆ ಗಟ್ಟಿಯಾದ ಎಣ್ಣೆ, ವರ್ಷಗಟ್ಟಲೆ ಕೂತ ನೂಲಿನ ಧೂಳು, ಅದರಲ್ಲಿ ಸಿಕ್ಕಿಕೊಂಡ ಕೆಂಪು ದಾರ. ಯಾರೋ ಹೊಲಿದು ಸವೆಸಿದ ಹಳೆಯ ಮಿಷನ್ನಿಗೆ ಬಣ್ಣ ಬಳಿದು ಕಳಿಸಿದ್ದರು.

ಅಂಗಡಿಗೆ ಫೋನ್ ಮಾಡಿದಳು. "ನಿಮ್ಮ ಕರೆ ನಮಗೆ ಅಮೂಲ್ಯವಾದದ್ದು, ದಯವಿಟ್ಟು ಕಾಯಿರಿ" ಎಂದಿತು ಒಂದು ಹೆಣ್ಣು ದನಿ. ಇಷ್ಟು ಮರ್ಯಾದೆಯಿಂದ ಅವಳನ್ನು ಯಾರಾದರೂ ಮಾತಾಡಿಸಿ ಬಹಳ ದಿನವಾಗಿತ್ತು. ನಾಲ್ಕು ದಿನ ಕಾದು, ಮೆಸೇಜಿನಲ್ಲೂ ದೂರು ಕಳಿಸಿದ ಮೇಲೆ ಒಬ್ಬ ಮನುಷ್ಯ ಸಿಕ್ಕಿದ. "ವಾಪಸ್ ತಗೋಬೇಕಾದ್ರೆ ನಾವು ಕಳಿಸಿದ ಡಬ್ಬದಲ್ಲೇ ಕಳಿಸ್ಬೇಕು, ಮೇಡಂ. ಡಬ್ಬ ಇದೆಯಾ?"

ಗೋಡೆಯ ಮೇಲೆ ನೇತಾಡುತ್ತಿದ್ದ ತೋಳು ಕಾಲರುಗಳನ್ನು ನೋಡಿ ಟೇಲರಮ್ಮ ಫೋನ್ ಇಟ್ಟುಬಿಟ್ಟಳು. ತಪ್ಪು ತನ್ನದೇ ಎಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತು.

ಭಾನುವಾರ ತಮ್ಮನಿಗೆ ಹೇಳಿಕೊಂಡಾಗ ಅವನು ಒಂದೇ ಮಾತಿನಲ್ಲಿ ಮುಗಿಸಿದ. "ಬಿಟ್ಬಿಡಕ್ಕ. ಹೋಗಿದ್ದು ಹೋಯ್ತು. ಅವರೆಲ್ಲೋ, ನಾವೆಲ್ಲೋ. ಕೋರ್ಟು ಕಚೇರಿ ಅಂತ ಅಲೆದರೆ ಚಪ್ಪಲಿ ಸವೆಯುತ್ತೆ ಅಷ್ಟೇ. ಯಾರ ಹತ್ರಾನೂ ಹೇಳ್ಬೇಡ, ನಗ್ತಾರೆ."

ಅವಳು ಹೇಳಲಿಲ್ಲ. ಹೊಸ ಮಿಷನ್ನಿನ ಮೇಲೆ ಬಟ್ಟೆ ಹೊದಿಸಿ ಮೂಲೆಗಿಟ್ಟಳು. ಹಳೆಯದನ್ನೇ ತುಳಿದಳು. ಮೊಣಕಾಲು ಊದಿಕೊಂಡಿತು. ಕೋಣೆಯಲ್ಲಿ ಇನ್ನೊಂದು ಜೀವವಿದ್ದರೆ 'ಕಾಲು ನೋಯುತ್ತೆ' ಅಂತಾದರೂ ಹೇಳಬಹುದಿತ್ತು. ಗೋಡೆಯ ಹತ್ತಿರ ಏನು ಹೇಳುವುದು?

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಫೈಲಕ್ಕ ಕೋಟಿನ ತೋಳು ಗಿಡ್ಡ ಮಾಡಿಸಲು ಬಂದರು. ಗ್ರಾಹಕರ ಕೋರ್ಟಿನಲ್ಲಿ ಅರ್ಜಿ ತೆಗೆದುಕೊಳ್ಳುವ ಕಿಟಕಿಯ ಹಿಂದೆ ಇಪ್ಪತ್ತೆರಡು ವರ್ಷ ಕೂತು ನಿವೃತ್ತರಾದವರು. ತರಕಾರಿಗೆ ಹೋದರೂ ಕಂಕುಳಲ್ಲಿ ಒಂದು ಫೈಲು ಇರುತ್ತದೆ, ಅದಕ್ಕೇ ಆ ಹೆಸರು. ಟೇಲರಮ್ಮ ಮೊಣಕಾಲು ನೀವಿಕೊಂಡು ಎದ್ದದ್ದನ್ನು ಅವರು ನೋಡಿದರು. ಮೂಲೆಯಲ್ಲಿದ್ದ ಬಟ್ಟೆಯನ್ನೂ ಎತ್ತಿ ನೋಡಿದರು. ಬೇಡ ಎಂದರೂ ಎತ್ತುವ ಸ್ವಭಾವ.

"ಅಲ್ಲಾ ಟೇಲರಮ್ಮ, ಮೋಟಾರಿನ ಮಿಷನ್ ಇಟ್ಕೊಂಡು ಕಾಲಲ್ಲಿ ಯಾಕೆ ತುಳೀತೀರಿ? ಇದನ್ನೇನು ಪ್ರದರ್ಶನಕ್ಕೆ ಇಟ್ಟಿದ್ದೀರಾ?"

"ಅದು ಓಡಲ್ಲಕ್ಕ." ಟೇಲರಮ್ಮ ಅಷ್ಟು ಹೇಳಿದ್ದೇ ತಡ. ಎರಡು ತಿಂಗಳಿಂದ ಒಳಗಿಟ್ಟುಕೊಂಡದ್ದೆಲ್ಲ ಅಳುವಿನ ಜೊತೆ ಹೊರಗೆ ಬಂತು. ಫೈಲಕ್ಕ ಸ್ಟೂಲು ಎಳೆದುಕೊಂಡು ಕೂತರು. ನಡುವೆ ಒಮ್ಮೆಯೂ ಬಾಯಿ ಹಾಕಲಿಲ್ಲ.

"ಕೇಸು ಹಾಕೋಣ" ಎಂದರು ಕೊನೆಗೆ.

"ಅಯ್ಯೋ, ಅವನ ಅಂಗಡಿ ಇರೋದು ಬೇರೆ ರಾಜ್ಯದಲ್ಲಿ. ರೈಲಲ್ಲಿ ಎರಡು ದಿನ. ಈ ಕಾಲಿಟ್ಕೊಂಡು ಹೇಗೆ ಹೋಗ್ಲಿ?"

"ನೀವ್ಯಾಕೆ ಹೋಗ್ಬೇಕು? ನೀವು ಇರೋ ಊರಿನ ಕೋರ್ಟಲ್ಲೇ ಅರ್ಜಿ ಕೊಡಬಹುದು. ಉತ್ತರ ಹೇಳೋಕೆ ಬರೋದು ಅವನ ತಲೆನೋವು."

"ಲಾಯರಿಗೆ ಕೊಡೋಕೆ ನನ್ನ ಹತ್ರ ಏನಿದೆ?"

"ಲಾಯರೇ ಬೇಕು ಅಂತಿಲ್ಲ. ನಿಮ್ಮ ಮಾತು ನೀವೇ ಹೇಳ್ಕೋಬಹುದು. ಇಂಥ ಸಣ್ಣಪುಟ್ಟ ತಗಾದೆಗೆ ಅಂತಾನೇ ಆ ಕೋರ್ಟು ಇರೋದು. ಬಿಲ್ ಇದೆಯಾ?"

"ಮೊಬೈಲಲ್ಲಿದೆ. ದುಡ್ಡು ಕಟ್ಟಿದ್ದೂ ಇದೆ."

"ಭೇಷ್. ಅಂಗಡಿ ವಿಳಾಸ?"

ಅದೇ ಇರಲಿಲ್ಲ. ಮೊಬೈಲಿನಲ್ಲಿ ಅಂಗಡಿಯ ಹೆಸರು, ಚಂದದ ಚಿತ್ರ, ಫೋನ್ ನಂಬರು, ಅಷ್ಟೇ. "ವಿಳಾಸ ಇಲ್ಲದೆ ನೋಟಿಸ್ ಯಾರಿಗೆ ಕಳಿಸೋದು?" ಎಂದು ಫೈಲಕ್ಕ ಹಣೆ ಉಜ್ಜಿಕೊಂಡರು. "ಡಬ್ಬದ ಮೇಲೆ ಚೀಟಿ ಅಂಟಿಸಿರ್ತಾರಲ್ಲ. ಡಬ್ಬ ಎಲ್ಲಿ?"

ಟೇಲರಮ್ಮ ತಲೆ ತಗ್ಗಿಸಿಕೊಂಡು ಗೋಡೆಯ ಕಡೆ ಬೆರಳು ತೋರಿಸಿದಳು.

ಫೈಲಕ್ಕನಿಗೆ ಅರ್ಥವಾಗಲು ಅರ್ಧ ನಿಮಿಷ ಬೇಕಾಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಕೋರ್ಟಿಗೆ ಏನೇನೋ ಸಾಕ್ಷಿ ಬಂದಿದೆ ಕಣ್ರೀ, ಜೇಬು ಕಾಲರು ಬಂದಿರ್ಲಿಲ್ಲ!" ಟೇಲರಮ್ಮನಿಗೂ ನಗು ಬಂತು. ಆ ಕೋಣೆಯಲ್ಲಿ ನಗುವಿನ ಸದ್ದು ಅವಳಿಗೇ ಹೊಸದಾಗಿ ಕೇಳಿಸಿತು.

ಇಬ್ಬರೂ ಒಂದೊಂದೇ ರಟ್ಟು ಇಳಿಸಿ ತಿರುಗಿಸಿ ನೋಡಿದರು. ತೋಳಿನ ಮಾದರಿಯ ಹಿಂದೆ ಅರ್ಧ ಚೀಟಿ ಇತ್ತು, ಕಾಲರಿನ ಹಿಂದೆ ಇನ್ನರ್ಧ. ಮೇಜಿನ ಮೇಲೆ ಜೋಡಿಸಿದಾಗ ಅಂಗಡಿಯ ಪೂರ್ತಿ ವಿಳಾಸ, ಆರ್ಡರಿನ ಸಂಖ್ಯೆ, ಪಕ್ಕದಲ್ಲಿ 'ಹೊಚ್ಚಹೊಸ ಮಿಷನ್' ಎಂಬ ಅಚ್ಚು ಎಲ್ಲ ಕಂಡಿತು. ಫೈಲಕ್ಕ ಅದರ ಫೋಟೋ ತೆಗೆದರು. ಮಿಷನ್ನಿನ ಹೊಟ್ಟೆಯಲ್ಲಿದ್ದ ಎಣ್ಣೆ, ಧೂಳು, ಕೆಂಪು ದಾರದ ಫೋಟೋನೂ ಆಯಿತು.

"ಡಬ್ಬ ಕತ್ತರಿಸಿದ್ದು ನನ್ನ ತಪ್ಪಲ್ವಾ ಅಕ್ಕ?"

"ಕತ್ತರಿಸಿದ್ದು ಹೌದು. ಅದನ್ನೂ ಅರ್ಜೀಲಿ ಬರೀರಿ, ಮುಚ್ಚಿಡ್ಬೇಡಿ. ಆದ್ರೆ ಡಬ್ಬ ಕತ್ತರಿಸಿದ ಮಾತ್ರಕ್ಕೆ ಹಳೇ ಮಿಷನ್ನು ಹೊಸದಾಗಿಬಿಡುತ್ತಾ?"

ಅಂದೇ ಅಂಗಡಿಗೆ ಕಾಗದ ಬರೆದರು. ಏನು ಕೊಂಡೆ, ಏನು ಬಂತು, ಹಣ ವಾಪಸ್ ಕೊಡಿ, ಹದಿನೈದು ದಿನ ಕಾಯುತ್ತೇನೆ. ಇಷ್ಟೇ, ಬೈಗುಳವಿಲ್ಲ. ಸಹಿ ಹಾಕಿಸಿಕೊಂಡು ಕೊಡುವ ಅಂಚೆಯಲ್ಲಿ ಕಳಿಸಿ, ಒಂದು ಪ್ರತಿ ಇಟ್ಟುಕೊಂಡರು. ಕಾಗದ ತಲುಪಿದ ರಸೀದಿ ಬಂತು, ಉತ್ತರ ಬರಲಿಲ್ಲ. ಹದಿನಾರನೆಯ ದಿನ ಟೇಲರಮ್ಮ ಅರ್ಜಿ ಕೊಟ್ಟಳು.

ವಿಚಾರಣೆಯ ದಿನ ಬರುವ ಹೊತ್ತಿಗೆ ಫೈಲಕ್ಕ ಮಗಳ ಊರಿಗೆ ಹೋಗಿದ್ದರು. ಟೇಲರಮ್ಮ ಒಬ್ಬಳೇ ಹೋದಳು. ಕೋರ್ಟಿನ ಉದ್ದನೆಯ ಓಣಿಯಲ್ಲಿ ಮರದ ಬೆಂಚು, ಅದರ ತುದಿಯಲ್ಲಿ ಇವಳು. ಎಲ್ಲರೂ ಯಾರ ಜೊತೆಗೋ ಬಂದ ಹಾಗೆ ಕಂಡರು. ಎದ್ದು ಮನೆಗೆ ಹೋಗಿಬಿಡೋಣ ಎಂದು ಎರಡು ಸಲ ಅನಿಸಿತು. ಪಕ್ಕದಲ್ಲಿ ಹಾಲಿನ ವ್ಯಾನಿನ ಡ್ರೈವರೊಬ್ಬ ತೊಡೆಯ ಮೇಲೆ ಫ್ಯಾನು ಇಟ್ಟುಕೊಂಡು ಕೂತಿದ್ದ.

"ನಿಮ್ದೇನಮ್ಮ?" ಎಂದ.

"ಹೊಲಿಗೆ ಮಿಷನ್ನು. ನಿಮ್ದು?"

"ಕಾಣ್ತಿದೆಯಲ್ಲ. ರೆಕ್ಕೆ ಮೂರು ಇರ್ಬೇಕಿತ್ತು, ಎರಡೇ ಕಳಿಸಿದ್ದಾರೆ. ಮನೇಲಿ ಯಾರಿಗೂ ಹೇಳಿಲ್ಲ, ಡ್ಯೂಟಿ ಅಂತ ಬಂದಿದ್ದೀನಿ." ಇಬ್ಬರೂ ಅದಕ್ಕಿಂತ ಹೆಚ್ಚು ಮಾತಾಡಲಿಲ್ಲ. ಆದರೂ ಟೇಲರಮ್ಮ ಆಮೇಲೆ ಏಳುವ ಯೋಚನೆ ಮಾಡಲಿಲ್ಲ.

ಒಳಗೆ ಅಂಗಡಿಯ ಲಾಯರು ತನ್ನ ಊರಿನಿಂದಲೇ ವಿಡಿಯೋ ಪರದೆಯ ಮೇಲೆ ಕಾಣಿಸಿಕೊಂಡ. "ಈಕೆ ವಿಪರೀತ ಹೊಲಿದು ಮಿಷನ್ ಕೆಡಿಸಿದ್ದಾರೆ. ಡಬ್ಬಾನೂ ಇಟ್ಕೊಂಡಿಲ್ಲ" ಎಂದ.

"ಡಬ್ಬ ಯಾಕಮ್ಮ ಕತ್ತರಿಸಿದ್ರಿ?" ನ್ಯಾಯಾಧೀಶೆ ಕೇಳಿದರು.

"ರಟ್ಟು ಬಹಳ ಚೆನ್ನಾಗಿತ್ತು ಮೇಡಂ. ಬಿಸಾಡೋಕೆ ಮನಸ್ಸು ಬರ್ಲಿಲ್ಲ." ಯಾರೋ ಹಿಂದೆ ಕಿಸಕ್ಕೆಂದರು. ಹೊಲಿಗೆಯ ವಿಷಯಕ್ಕೆ ಬಂದರೆ ಟೇಲರಮ್ಮನ ನಾಲಿಗೆ ತಡವರಿಸುವುದಿಲ್ಲ. "ಮೇಡಂ, ಆ ತಿಂಗಳು ನನ್ನ ಕೈಲಿದ್ದದ್ದು ಶಾಲೆಯ ಯೂನಿಫಾರಂ ಮಾತ್ರ. ಬಿಳಿ, ನೀಲಿ ಬಿಟ್ಟು ಬೇರೆ ದಾರ ಮುಟ್ಟಿಲ್ಲ, ಗಿರಾಕಿಗಳ ಲೆಕ್ಕದ ಪುಸ್ತಕದಲ್ಲಿ ಬರೆದಿದೆ. ಆ ಕೆಂಪು ದಾರ ನಂದಲ್ಲ. ಮಿಷನ್ನು ಬಂದ ಐದನೇ ದಿನ ಅವರಿಗೇ ಕಳಿಸಿದ ದೂರೂ ಮೊಬೈಲಲ್ಲಿದೆ. ನಾಲ್ಕು ದಿನದಲ್ಲಿ ಅಷ್ಟು ಧೂಳು ಕೂರ್ಬೇಕಾದ್ರೆ ನಾನು ಇಡೀ ಊರಿಗೆ ಬಟ್ಟೆ ಹೊಲಿದಿರ್ಬೇಕು."

ಪರದೆಯ ಮೇಲಿನ ಲಾಯರು ಕಾಗದ ತಿರುವಿದ.

ಸುಳ್ಳು ಹೇಳುವುದು ಬೇಡ, ಬೇಗ ಏನೂ ಮುಗಿಯಲಿಲ್ಲ. ಮೂರು ಸಲ ದಿನಾಂಕ ಮುಂದೆ ಹೋಯಿತು. ಒಟ್ಟು ಏಳು ತಿಂಗಳು. ಕೊನೆಗೆ ಪೂರ್ತಿ ಹಣ ವಾಪಸ್ ಕೊಡಬೇಕು, ಮಿಷನ್ನನ್ನು ತನ್ನ ಖರ್ಚಿನಲ್ಲೇ ತೆಗೆದುಕೊಂಡು ಹೋಗಬೇಕು ಎಂದು ಅಂಗಡಿಗೆ ಆದೇಶವಾಯಿತು. ಮೊಣಕಾಲಿನ ಕಷ್ಟಕ್ಕೆಂದು ಅವಳು ಅರ್ಜಿಯಲ್ಲಿ ಕೇಳಿದ್ದ ಪರಿಹಾರದಲ್ಲಿ ಕಾಲುಭಾಗ ಸಿಕ್ಕಿತು. ಹಣ ಬಂದ ವಾರವೇ ಪೇಟೆಯ ಅಂಗಡಿಯಲ್ಲಿ ಎದುರಿಗೆ ಓಡಿಸಿ ನೋಡಿ, ಮೋಟಾರಿನ ಮಿಷನ್ನು ತಂದಳು.

ಭಾನುವಾರ ತಮ್ಮನ ಫೋನ್ ಬಂತು. "ದುಡ್ಡು ಬಂತು ಕಣೋ" ಎಂದಳು.

"ಅಕ್ಕ" ಎಂದ ತಮ್ಮ. "ಹೋದ ವರ್ಷ ಮಗಳ ಹುಟ್ಟಿದ ದಿನಕ್ಕೆ ಅಂತ ಸೈಕಲ್ ತರಿಸಿದ್ದೆ. ಡಬ್ಬ ಬಿಚ್ಚಿದ್ರೆ ಅಂಗೈಯಷ್ಟು ಆಟದ ಸೈಕಲ್ಲು. ಹೆಂಡ್ತಿಗೂ ಹೇಳ್ಲಿಲ್ಲ. ಮಗಳಿಗೆ, ಮರೆತುಹೋಯ್ತು ಪುಟ್ಟಿ ಅಂದೆ. ಎರಡು ದಿನ ಅವಳು ನನ್ನ ಹತ್ರ ಮಾತಾಡ್ಲಿಲ್ಲ. ನೀನು ಮಿಷನ್ ವಿಷಯ ಹೇಳಿದಾಗ ನಂಗೆ ಅದೇ ನೆನಪಾಗಿ, ಬಿಟ್ಬಿಡು ಅಂದ್ಬಿಟ್ಟೆ."

ಟೇಲರಮ್ಮನಿಗೆ ಅವನನ್ನು ಬೈಯಬೇಕೋ, ತಲೆ ಸವರಬೇಕೋ ತಿಳಿಯಲಿಲ್ಲ. ಒಂದು ವರ್ಷ ಅವನೂ ತನ್ನ ಹಾಗೆಯೇ, ಮನೆತುಂಬ ಜನರಿದ್ದೂ, ಒಬ್ಬನೇ ಇದ್ದ.

"ಬಿಲ್ ಇದೆಯೇನೋ?" ಎಂದಳು.

"ಇದೆ."

"ಹಾಗಾದ್ರೆ ಪೆನ್ನು ತಗೋ, ನಾನು ಹೇಳ್ತೀನಿ ಬರ್ಕೋ. ಅದಕ್ಕೂ ಮೊದ್ಲು ಮಗಳನ್ನ ಕರೆದು ನಿಜ ಹೇಳು. ನಾನು ಲೈನಲ್ಲೇ ಇರ್ತೀನಿ."

ಇದನ್ನು ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮಂಚದ ಕೆಳಗೂ ಅಂಥದ್ದೊಂದು ಸಾಮಾನು ಇರಬಹುದು. ಮಾರಿದವನು ಎಷ್ಟೇ ದೂರವಿರಲಿ, ನಿಮ್ಮ ಊರಿನ ಗ್ರಾಹಕರ ಕೋರ್ಟಿನ ಕಿಟಕಿಯಲ್ಲಿ ಒಮ್ಮೆ ವಿಚಾರಿಸಿ. ಬಿಲ್ಲು, ಮೆಸೇಜು, ಫೋಟೋ ಅಳಿಸಬೇಡಿ, ವಿಳಾಸವಿರುವ ಡಬ್ಬಕ್ಕೆ ಕತ್ತರಿ ಹಾಕುವ ಮುಂಚೆ ಸಾಮಾನು ಓಡಿಸಿ ನೋಡಿ. ಮೊದಲು ಅಂಗಡಿಗೆ ಕಾಗದ ಬರೆಯಿರಿ, ಉತ್ತರ ಬಾರದಿದ್ದರೆ ಅರ್ಜಿ ಕೊಡಿ. ಅರ್ಜಿ ಕೊಡಲು ಇಂತಿಷ್ಟೇ ಕಾಲ ಎಂದಿರುತ್ತದೆ, ತಡ ಮಾಡಬೇಡಿ. ಇದ್ಯಾವುದೂ ಇವತ್ತೇ ಆಗದಿದ್ದರೆ ಹೋಗಲಿ, ಇಷ್ಟಾದರೂ ಮಾಡಿ: ಮೋಸ ಹೋದೆ ಎಂದು ಒಬ್ಬರ ಹತ್ತಿರ ಬಾಯಿ ಬಿಟ್ಟು ಹೇಳಿ. ನಾಚಿಕೆಪಡಬೇಕಾದವರು ನೀವಲ್ಲ.