ಗಟ್ಟಿಮೇಳದ ಸಂದು

ತಾಳದ ಒಂದು ಏಟು ಬಿಟ್ಟು ಊದಿದರೆ ಏನು ಮುಳುಗಿಹೋಗುತ್ತದೆ? ಹಿಂದೂಪುರದಿಂದ ಕಲ್ಯಾಣದುರ್ಗಕ್ಕೆ ಹೊರಟ ಬಸ್ಸಿನಲ್ಲಿ, ನಾಗಸ್ವರದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಈರಲಿಂಗಪ್ಪ ಯೋಚಿಸುತ್ತಿದ್ದ. ಬಾಯಿಬಿಟ್ಟು ಕೇಳಿಯೂಬಿಟ್ಟ. ಪಕ್ಕದಲ್ಲಿ ಡೋಲು ಅಪ್ಪಿಕೊಂಡು ಕೂತಿದ್ದ ಚಿಕ್ಕಪ್ಪ ಗಂಗಣ್ಣನಿಗೆ ಆ ಪ್ರಶ್ನೆಯೇ ಅಪಶಕುನ.

"ಗಟ್ಟಿಮೇಳದಾಗೆ ಸಂದು ಬಿಡಂಗಿಲ್ಲ ಕಣ್ಲಾ. ತಾಳಿ ಕಟ್ಟೋವಾಗ ಸೀನು, ಅಳು, ಕೆಟ್ಟ ಮಾತು ಯಾವ್ದೂ ಕಿವೀಗೆ ಬೀಳಬಾರ್ದು. ಅದ್ಕೇ ನಮ್ಮನ್ನ ಕರೆಯಾದು."

"ನಮ್ಮನ್ನ ಕೇಳಾಕಲ್ಲ ಅನ್ನು."

"ಬೊಂಬಾಯಿ ಮಾತು ಬ್ಯಾಡಪ್ಪಾ."

ಈರಲಿಂಗಪ್ಪ ಎಂಟು ವರ್ಷ ಬೊಂಬಾಯಿಯ ಹೋಟೆಲೊಂದರಲ್ಲಿ ಸೂಟು ತೊಟ್ಟು, ಜಾಜ್ ಬ್ಯಾಂಡಿನ ನಡುವೆ ಇದೇ ನಾಗಸ್ವರ ಊದಿದ್ದ. ಊದುವುದಕ್ಕಿಂತ ಊದದೆ ಬಿಡುವುದೇ ಕಷ್ಟ ಎಂಬುದನ್ನು ಅಲ್ಲಿ ಕಲಿತ. ಇಂಗ್ಲಿಷೂ ಕಲಿತ. ಯುದ್ಧ ಮುಗಿದು ಬಿಳಿ ದೊರೆಗಳು ಹಡಗು ಹತ್ತಿದರು, ಬ್ಯಾಂಡು ಚದುರಿತು, ಅವನು ಊರಿಗೆ ಮರಳಿದ. ಅಲ್ಲಿಯೂ ಕುಣಿಯುವವರ ಕಾಲಿಗೆ ಊದಿದ್ದೇ ಹೊರತು ಕೇಳಿದವರಿಲ್ಲ. ಒಬ್ಬರಾದರೂ ಕೇಳಬೇಕು ಎಂಬ ಹಟ ಅವನನ್ನು ತಿನ್ನುತ್ತಿತ್ತು.

ಮದುವೆಯ ಚಪ್ಪರದಲ್ಲಿ ಹುಡುಗಿಯ ಅಪ್ಪ ಜಯರಾಮಪ್ಪ ಅವನ ಕ್ರಾಪು ನೋಡಿ ನಕ್ಕ. "ಏನ್ ಗಂಗಣ್ಣ, ದೊರೇನ ಕರ್ಕೊಂಡು ಬಂದ್ಬುಟ್ಟೆ? ಬಾಗಾ ವಾಯಿಸ್ತಾಡಾ?" ಎಂದು ತೆಲುಗಿಗೆ ಹೊರಳಿದ.

"ಚೆಂದಾಗಿ ಊದ್ತಾನೆ ಸ್ವಾಮಿ."

ಮುಹೂರ್ತ ಬಂತು. "ಗಟ್ಟಿಮೇಳ! ಗಟ್ಟಿಮೇಳ!" ಎಂದು ಪುರೋಹಿತರು ಕೂಗಿದರು. ಡೋಲು ಎದ್ದಿತು. ಈರಲಿಂಗಪ್ಪ ಊದಿದ. ಯಾರೂ ಇತ್ತ ನೋಡಲಿಲ್ಲ. ಅವನಿಗೆ ಸಿಟ್ಟು ಬಂತು. ಒಂದು ಏಟು ಬಿಟ್ಟ. ಇನ್ನೊಂದನ್ನೂ ಬಿಟ್ಟ. ನಾಗಸ್ವರದ ಬೆನ್ನು ಹತ್ತಿ ಬಾರಿಸಿಯೇ ಮುದುಕನಾದ ಗಂಗಣ್ಣನ ಕೈ ತಂತಾನೇ ನಿಂತಿತು.

"ನಂಗಿವ್ನು ಬ್ಯಾಡ ಕಣಪ್ಪಾ."

ಹಸೆಯ ಮೇಲಿದ್ದ ಮದುಮಗಳು ಹಂಪಮ್ಮನ ದನಿ. ಎಷ್ಟು ಹೊತ್ತಿನಿಂದ ಹೇಳುತ್ತಿದ್ದಳೋ. ಮದುಮಗನ ಕೈಯಲ್ಲಿ ತಾಳಿ ಹಾಗೇ ನಿಂತಿತು. ಚಪ್ಪರಕ್ಕೆ ಚಪ್ಪರವೇ ಈರಲಿಂಗಪ್ಪನತ್ತ ತಿರುಗಿತು. ಹುಡುಗಿಯನ್ನು ಯಾರೂ ನೋಡಲಿಲ್ಲ. ಜೀವಮಾನದಲ್ಲಿ ಇಷ್ಟು ಜನ ಅವನಿಗಾಗಿ ಕಿವಿಗೊಟ್ಟು ಕಾದಿರಲಿಲ್ಲ. ಹುಡುಗಿಯೂ ತಲೆ ಎತ್ತಿ ಅವನನ್ನೇ ನೋಡಿದಳು. ಇನ್ನೊಂದು ಏಟು ಬಿಟ್ಟರೆ ಗಟ್ಟಿಯಾಗಿಯೇ ಹೇಳಿಯಾಳು.

"ಊದ್ಲಾ!" ಜಯರಾಮಪ್ಪ ಕಿರುಚಿದ.

ಈರಲಿಂಗಪ್ಪನಿಗೆ ಹೆದರಿಕೆಯಾಯಿತು. ಊದಿದ. ಹಿಂದೆಂದೂ ಊದಿರದ ಹಾಗೆ, ಕೂದಲೆಳೆ ತೂರದಂತೆ ಊದಿದ. ಡೋಲು ಕೂಡಿಕೊಂಡಿತು. ಜನ ಎದ್ದು ಅಕ್ಷತೆ ಎರಚಿದರು. ನಿಲ್ಲಿಸಿದರೆ ಅವಳ ಮಾತು ಎಲ್ಲಿ ಕೇಳಿಸಿಬಿಡುತ್ತದೋ ಎಂದು ಕಣ್ಣು ಕತ್ತಲಿಡುವವರೆಗೂ ಊದುತ್ತಲೇ ಇದ್ದ. ಎದುರಿಗೆ, ಅಕ್ಕಿಕಾಳು ಅಂಟಿದ ಅವಳ ತುಟಿಗಳು ಇನ್ನೂ ಅಲ್ಲಾಡುತ್ತಿದ್ದವು.