ಕೃಷ್ಣಮ್ಮನ ಹಂದಿ ಫಾರಂ ಮತ್ತು ಲಸಿಕೆಯ ದಿನ

ಕಟ್ಟಾಯದ ಹತ್ತಿರ, ಭತ್ತದ ಗದ್ದೆಗಳ ಅಂಚಿನಲ್ಲಿ ಕೃಷ್ಣಮ್ಮನ ಹಂದಿ ಫಾರಂ ಇದೆ. ಪಶುವೈದ್ಯೆ ಮಾನಸಾ ಅಲ್ಲಿನ ಹಂದಿಗಳ ರಕ್ತ ಪರೀಕ್ಷೆ ಮಾಡಿಸಿದರು. ಅರ್ಧಕ್ಕಿಂತ ಹೆಚ್ಚು ಹಂದಿಗಳಿಗೆ ಮೆದುಳು ಜ್ವರದ ವೈರಸ್ ತಗುಲಿದ ಗುರುತು ಸಿಕ್ಕಿತು. ಸುದ್ದಿ ಊರೆಲ್ಲ ಹಬ್ಬಿತು.

ಅಂಗನವಾಡಿಯಲ್ಲಿ ಮಕ್ಕಳಿಗೆ ಮೆದುಳು ಜ್ವರದ ಲಸಿಕೆ ಹಾಕುವ ದಿನ ಕೃಷ್ಣಮ್ಮ ಮೊಮ್ಮಗಳನ್ನು ಕಳಿಸಲಿಲ್ಲ. ಮಾನಸಾ ಫಾರಂಗೇ ಬಂದು ಕಾರಣ ಕೇಳಿದರು.

"ಸೂಜಿ ಆಕಿಸ್ಬುಟ್ರೆ, ನನ್ನ ಅಂದಿಯಿಂದ್ಲೇ ಕಾಯಿಲೆ ಅಂತ ನಾನೇ ಒಪ್ಕಂಡಂಗೆ ಆಯ್ತದೆ ಕಣವ್ವ. ಆಕ್ಸಾಕಿಲ್ಲ. ನೋಡು, ಎಂಗೆ ಗುಂಡುಗುಂಡಾಗವೆ. ಇವುಕ್ಕೆ ಕಾಯಿಲೆನಾ?"

"ಅದೇ ತೊಂದ್ರೆ ಕೃಷ್ಣಮ್ಮಾ. ಹಂದಿ ಚೆನ್ನಾಗೇ ಕಾಣುತ್ತೆ, ಒಳಗೆ ವೈರಸ್ ಬೆಳೀತಿರುತ್ತೆ. ಸೊಳ್ಳೆ ಹಂದೀನ ಕಚ್ಚಿ ಆಮೇಲೆ ಮಗೂನ ಕಚ್ಚುತ್ತೆ. ಜ್ವರ ಮೆದುಳಿಗೇರಿದ್ರೆ ಆ ವೈರಸ್ ಕೊಲ್ಲೋ ಔಷಧಿ ಇಲ್ಲ. ಬದುಕಿದ ಮಗುವಿನ ಕೈಕಾಲು, ಮಾತು ಬಿದ್ದೋಗಬಹುದು. ಯಾವುದಾದ್ರೂ ಹಂದಿ ಸತ್ತ ಮರಿ ಹಾಕಿತ್ತಾ?"

ಕೃಷ್ಣಮ್ಮ ದನಿ ತಗ್ಗಿಸಿದಳು. "ಆಕಿತ್ತು. ಫಾರಂ ಎಸ್ರು ಕೆಡ್ತದೆ ಅಂತ ಯಾರ್ಗೂ ಯೋಳ್ದೆ ಊತಾಕ್ದೆ."

"ಅದಕ್ಕೂ ಈ ವೈರಸ್ಸೇ ಕಾರಣ ಇರಬಹುದು."

ಪಕ್ಕದ ಗದ್ದೆಯ ರಜನೀಶ್ ಬೇಲಿಯಾಚೆಯಿಂದ ಕೂಗಿದ: "ಫಾರಂ ಎತ್ತಿಸ್ರಿ ಡಾಕ್ಟ್ರೇ! ಅಂದಿ ಓದ್ರೆ ನಮ್ಮುಡ್ಗನಿಗೆ ಸೂಜಿ ಯಾಕೆ?"

"ನಿಮ್ಮ ಗದ್ದೇಲಿ ಕೂತಿರೋ ಬೆಳ್ಳಕ್ಕಿಗಳಲ್ಲೂ ಈ ವೈರಸ್ ಇರಬಹುದು. ಅವನ್ನ ಯಾರು ಎತ್ತಿಸ್ತಾರೆ? ಸೊಳ್ಳೆ ಹುಟ್ಟೋದೂ ಗದ್ದೆ ನೀರಲ್ಲೇ."

ಕೃಷ್ಣಮ್ಮ ಮೊಮ್ಮಗಳನ್ನು ಸೊಂಟಕ್ಕೆ ಏರಿಸಿಕೊಂಡಳು.

"ಲೇ ರಜನೀಶ, ನನ್ನ ಅಂದಿಗೆ ವೈರಸ್ ಬಂದೈತೆ, ಊರ ಮುಂದೆ ನಾನೇ ಒಪ್ಕಂತೀನಿ. ಫಾರಂಗೆ ಸೊಳ್ಳೆ ಬಲೆ ಕಟ್ತೀನಿ, ಮುಚ್ಚಾಕಿಲ್ಲ. ನನ್ನ ಕೂಸಿಗೆ ಸೂಜಿ ಆಕಿಸ್ತೀನಿ. ನಿನ್ನ ಮಗನ್ನ ಎತ್ಕಂಬಾ. ಇಲ್ದಿದ್ರೆ ನನ್ನ ಫಾರಂ ಮಾತು ಎತ್ಬ್ಯಾಡ!"

ಅಂಗನವಾಡಿಯಲ್ಲಿ ಮೊಮ್ಮಗಳು ಕಿರುಚಿ ಅತ್ತಳು. ಅವಳ ಹಿಂದೆಯೇ ಮಗನನ್ನು ಎತ್ತಿಕೊಂಡು ರಜನೀಶ್ ನಿಂತಿದ್ದ.

ಹಂದಿ ಸಾಕುವವರೇ, ರಕ್ತ ಪರೀಕ್ಷೆಗೆ ಬಂದವರನ್ನು ಅಟ್ಟಬೇಡಿ. ಸತ್ತ ಮರಿ ಹುಟ್ಟಿದರೆ ಮುಚ್ಚಿಡದೆ ಪಶುವೈದ್ಯರಿಗೆ ತಿಳಿಸಿ. ಹಂದಿ ಸಾಕದವರೇ, ನಿಮ್ಮ ಮಕ್ಕಳನ್ನೂ ಸೊಳ್ಳೆ ಕಚ್ಚುತ್ತದೆ. ತಪ್ಪು ಯಾರದೆಂದು ಜಗಳವಾಡಲು ಇಡೀ ವರ್ಷವಿದೆ. ಲಸಿಕೆಯ ದಿನ ಮಗುವನ್ನು ಕರೆದುಕೊಂಡು ಹೋಗಿ.